ತಮ್ಮನಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂದಿದ್ದಾರೆ. ಮಾತ್ರೆಯಿಂದ ಗುಣ ಆಗುತ್ತಾ? ಮನೆಯವರು ಹೇಗಿರಬೇಕು?

ತುಮಕೂರು_ಅಕ್ಕ:
ನನ್ನ ತಮ್ಮನಿಗೆ 24 ವರ್ಷ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ, ಬಿಟ್ಟ, ಮತ್ತೆ ಸೇರಿದ, ಮತ್ತೆ ಬಿಟ್ಟ. ಬೆಳಿಗ್ಗೆ ನಗುನಗುತ್ತಾ ತಿಂಡಿ ತಿಂದವನು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಏನಾಯ್ತೋ ಅಂದರೆ, ಗೆಳೆಯ ಮೆಸೇಜ್ ನೋಡಿಯೂ ಉತ್ತರ ಕೊಟ್ಟಿಲ್ಲ ಅಂತ. ಹೋದ ವಾರ ಅದೇ ಗೆಳೆಯ ದೇವರಂಥವನು. ಈಗ ಅವನಂಥ ದ್ರೋಹಿ ಇನ್ನೊಬ್ಬನಿಲ್ಲ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಆಮೇಲೆ ಅಮ್ಮನ ಕಾಲು ಹಿಡಿದು ಅಳುತ್ತಾನೆ. ತನಗೆ ತಾನೇ ಗಾಯ ಮಾಡಿಕೊಂಡದ್ದೂ ಉಂಟು.

ಮೊದಲು ತೋರಿಸಿದ ಡಾಕ್ಟರು ಬೈಪೋಲಾರ್ (ಮನಸ್ಸು ದಿನಗಟ್ಟಲೆ ಉಬ್ಬುವ, ದಿನಗಟ್ಟಲೆ ಕುಗ್ಗುವ ಕಾಯಿಲೆ) ಅಂದರು, ಅದಕ್ಕೆ ಲಿಥಿಯಂ ಮಾತ್ರೆ ಶುರು ಮಾಡಿದರು. ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ಬೆಂಗಳೂರಿನಲ್ಲಿ ತೋರಿಸಿದಾಗ ಬಿಪಿಡಿ, ಅಂದರೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂತ ಬರೆದುಕೊಟ್ಟಿದ್ದಾರೆ. ಮಾತ್ರೆಗಿಂತ ಥೆರಪಿ ಮುಖ್ಯ ಅಂದರು. ಹೊರಗೆ ಸಾಲು ಉದ್ದ ಇತ್ತು, ನಾನು ಜಾಸ್ತಿ ಕೇಳಲು ಆಗಲಿಲ್ಲ. ಅಪ್ಪ "ಇದೆಲ್ಲ ಕೊಬ್ಬು" ಅನ್ನುತ್ತಾರೆ. ಅಮ್ಮ "ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ" ಅನ್ನುತ್ತಾರೆ. ಇದು ಏನು, ಗುಣ ಆಗುತ್ತಾ, ನಾವು ಮನೆಯಲ್ಲಿ ಏನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಸಿ_ಮಳೆ:
ಅಕ್ಕಾ, ಕೊಬ್ಬು ಖಂಡಿತ ಅಲ್ಲ. ನನಗೂ ಇದೇ ಇದೆ. ಕೆಲಸ ಮುಗಿಸಿ ಬಂದು ರಾತ್ರಿ ಬರೆಯುತ್ತೇನೆ.

ಹುಬ್ಬಳ್ಳಿ_ಕಾಕಾ:
ಇದು ಹುಡುಗಿಯರಿಗೆ ಬರುವ ಕಾಯಿಲೆ ಅಂತ ಕೇಳಿದ್ದೆ. ಗಂಡುಹುಡುಗನಿಗೆ ಹೇಗೆ? ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಈಗ ಸಿಟ್ಟು ಬಂದರೆ ಒಂದು ಹೆಸರು, ಬೇಜಾರಾದರೆ ಇನ್ನೊಂದು ಹೆಸರು. ನಮ್ಮ ಕಾಲದಲ್ಲಿ ಹೊಲಕ್ಕೆ ಕಳಿಸಿದರೆ ಎಲ್ಲ ಇಳಿಯುತ್ತಿತ್ತು.

ಮಂಗಳೂರು_ಸೈಕಾಲಜಿ:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನೋಡದೆ ಯಾರ ಕಾಯಿಲೆಯನ್ನೂ ಹೇಳುವುದಿಲ್ಲ, ಆದರೆ ಕಾಕಾ ಹೇಳಿದ್ದಕ್ಕೆ ಉತ್ತರ ಕೊಡಲೇಬೇಕು.

ಆಸ್ಪತ್ರೆಗೆ ಬರುವವರಲ್ಲಿ ಹೆಂಗಸರು ಜಾಸ್ತಿ, ನಿಜ. ಆದರೆ ಅಮೆರಿಕದಲ್ಲಿ ಮನೆಮನೆಗೆ ಹೋಗಿ ಮಾಡಿದ ದೊಡ್ಡ ಸಮೀಕ್ಷೆಯಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ ಬಂತು. ಗಂಡಸರು ಕುಡಿತದ ಚಿಕಿತ್ಸೆಗೆ ಹೋಗುತ್ತಾರೆ, ಇಲ್ಲವೇ ಜಗಳ ಮಾಡಿ ಪೊಲೀಸ್ ಠಾಣೆಗೆ ಹೋಗುತ್ತಾರೆ. "ಒರಟ" ಅನ್ನಿಸಿಕೊಳ್ಳುತ್ತಾರೆ. ಒಳಗಿನ ನೋವನ್ನು ಯಾರೂ ಕೇಳುವುದಿಲ್ಲ.

ಗುರುತಿಸಲು ಒಂಬತ್ತು ಲಕ್ಷಣಗಳಿವೆ, ಅದರಲ್ಲಿ ಐದಾದರೂ ಬೇಕು. ಅದೂ ಬಹಳ ಕಾಲದಿಂದ ಇರಬೇಕು. ತನ್ನನ್ನು ಬಿಟ್ಟುಹೋಗುತ್ತಾರೆ ಅನ್ನುವ ಭಯ. ಇವತ್ತು ತಲೆ ಮೇಲೆ ಹೊತ್ತವರನ್ನು ನಾಳೆ ನೆಲಕ್ಕೆ ಹಾಕುವ ಸಂಬಂಧಗಳು. ನಾನು ಯಾರು ಅನ್ನುವುದೇ ಸ್ಥಿರ ಇಲ್ಲದಿರುವುದು. ದುಡ್ಡು, ಕುಡಿತ, ಗಾಡಿ ಓಡಿಸುವುದರಲ್ಲಿ ದುಡುಕು. ಗಾಯ ಮಾಡಿಕೊಳ್ಳುವುದು ಅಥವಾ ಸಾಯುವ ಮಾತು. ಗಂಟೆಗಂಟೆಗೆ ಬದಲಾಗುವ ಮನಸ್ಸು. ಯಾವಾಗಲೂ ಒಳಗೆ ಖಾಲಿ ಅನ್ನಿಸುವುದು. ಹಿಡಿತಕ್ಕೆ ಸಿಗದ ಸಿಟ್ಟು. ಒತ್ತಡ ಜಾಸ್ತಿಯಾದಾಗ ಎಲ್ಲರ ಮೇಲೂ ಅನುಮಾನ, ಅಥವಾ ತಾನು ಇಲ್ಲಿ ಇಲ್ಲವೇ ಇಲ್ಲ ಅನ್ನಿಸುವುದು. ಇದರಲ್ಲಿ ಒಂದೊಂದು ಎಲ್ಲರಿಗೂ ಆಗಾಗ ಇರುತ್ತದೆ. ಐದಾರು ಸೇರಿ ವರ್ಷಗಟ್ಟಲೆ ಬದುಕನ್ನು ಹಾಳು ಮಾಡುತ್ತಿದ್ದರೆ ಹೊಲದ ಕೆಲಸದಿಂದ ಇಳಿಯುವುದಿಲ್ಲ.

ತುಮಕೂರು_ಅಕ್ಕ:
ಓದುತ್ತಾ ಕಣ್ಣಲ್ಲಿ ನೀರು ಬಂತು. ಏಳು ಅಂತೂ ಇವೆ. ಹಾಗಾದರೆ ಬೈಪೋಲಾರ್ ಅಂದಿದ್ದು ಯಾಕೆ? ಲಿಥಿಯಂ ನಿಲ್ಲಿಸಬಹುದಾ?

ಮಂಗಳೂರು_ಸೈಕಾಲಜಿ:
ನೀವಾಗಿಯೇ ನಿಲ್ಲಿಸಬೇಡಿ. ಇದು ಬಹಳ ಮುಖ್ಯ. ಎರಡೂ ಒಬ್ಬರಿಗೇ ಇರಬಹುದು. ಈಗಿನ ಡಾಕ್ಟರ ಹತ್ತಿರ "ಮೊದಲಿನ ಡಯಾಗ್ನೋಸಿಸ್ ಇನ್ನೂ ಇದೆಯಾ, ಲಿಥಿಯಂ ಇಳಿಸಬೇಕಾ" ಅಂತ ನೇರವಾಗಿ ಕೇಳಿ. ಇಳಿಸುವುದಾದರೂ ನಿಧಾನಕ್ಕೆ ಇಳಿಸುತ್ತಾರೆ. ಅಲ್ಲಿಯವರೆಗೆ ರಕ್ತದಲ್ಲಿ ಲಿಥಿಯಂ ಮಟ್ಟ, ಥೈರಾಯ್ಡ್, ಕಿಡ್ನಿ ಪರೀಕ್ಷೆ ತಪ್ಪಿಸಬೇಡಿ.

ವ್ಯತ್ಯಾಸ ಮುಖ್ಯವಾಗಿ ಕಾಲದಲ್ಲಿದೆ. ಬೈಪೋಲಾರ್‌ನಲ್ಲಿ ಮೇನಿಯಾ (ಮನಸ್ಸು ಮಿತಿಮೀರಿ ಉಬ್ಬುವುದು) ಬಂದರೆ ಕನಿಷ್ಠ ಒಂದು ವಾರ ಇರುತ್ತದೆ, ಹೈಪೋಮೇನಿಯಾ (ಅದರದೇ ಸೌಮ್ಯ ರೂಪ) ಆದರೆ ನಾಲ್ಕು ದಿನ, ಖಿನ್ನತೆ ಆದರೆ ಎರಡು ವಾರ. ಮೇನಿಯಾದಲ್ಲಿ ನಿದ್ದೆಯೇ ಬೇಡ ಅನ್ನಿಸುತ್ತದೆ, ಆದರೂ ಸುಸ್ತು ಇರುವುದಿಲ್ಲ. ಬಿಪಿಡಿಯಲ್ಲಿ ಒಂದೇ ದಿನದಲ್ಲಿ ನಾಲ್ಕು ಸಲ ಮನಸ್ಸು ತಿರುಗುತ್ತದೆ. ಹಿಂದೆ ಸಾಮಾನ್ಯವಾಗಿ ಯಾರದೋ ಒಂದು ಮಾತೋ, ಬಾರದ ಮೆಸೇಜೋ ಇರುತ್ತದೆ. ಐದು ನಿಮಿಷದ ಓಪಿಡಿಯಲ್ಲಿ "ಮೂಡ್ ಮೇಲೆ ಕೆಳಗೆ ಆಗುತ್ತೆ" ಅಂದರೆ ಎರಡೂ ಒಂದೇ ಥರ ಕೇಳಿಸುತ್ತದೆ. ಆದ್ದರಿಂದ ಮೊದಲ ಡಾಕ್ಟರನ್ನು ಬೈಯುವುದೂ ಬೇಡ.

ಮೆಡಿಕಲ್_ಶಾಪ್_ಹಾಸನ:
ನಮ್ಮ ಅಂಗಡಿಗೆ ಅಲ್‌ಪ್ರಜೋಲಮ್ (ಆತಂಕ ಇಳಿಸುವ ಮಾತ್ರೆ) ಕೇಳಿಕೊಂಡು ಬರುತ್ತಾರೆ. "ಡಾಕ್ಟರು ಹಿಂದೆ ಕೊಟ್ಟಿದ್ರು, ಚೀಟಿ ಮನೇಲಿದೆ" ಅಂತ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಜಗಳ.

ಪಿಜಿ_ಸೈಕಿಯಾಟ್ರಿ:
ಕೊಡದೇ ಇರುವುದೇ ಸರಿ ಸರ್. ಬಿಪಿಡಿ ಇರುವ ಕೆಲವರಲ್ಲಿ ಅಲ್‌ಪ್ರಜೋಲಮ್ ಇರುವ ಕಡಿವಾಣವನ್ನೂ ತಪ್ಪಿಸುತ್ತದೆ ಅಂತ 1980ರ ದಶಕದಲ್ಲೇ ಕಂಡುಬಂದಿದೆ. ಅಭ್ಯಾಸ ಆಗುವ ಅಪಾಯ ಬೇರೆ.

ಅಕ್ಕ ಕೇಳಿದ ಮಾತ್ರೆಯ ಪ್ರಶ್ನೆಗೆ: ಬಿಪಿಡಿಗೇ ಅಂತ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟ ಒಂದು ಔಷಧಿಯೂ ಇಲ್ಲ. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲೇ ಬಿಪಿಡಿಗಾಗಿಯೇ ಮಾತ್ರೆ ಕೊಡಬೇಡಿ ಅಂತ ಹೇಳಿದೆ. ಬೈಪೋಲಾರ್‌ಗೆ ಕೊಡುವ ಲ್ಯಾಮೊಟ್ರಿಜಿನ್ ಮಾತ್ರೆಯ ಮೇಲೆ ತುಂಬ ಭರವಸೆ ಇತ್ತು. 2018ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಅದು ಮೇಲಾಗಲಿಲ್ಲ. ಜೊತೆಗೆ ಖಿನ್ನತೆ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಕುಡಿತ ಏನಾದರೂ ಇದ್ದರೆ ಅದಕ್ಕೆ ಔಷಧಿ ಬೇಕೇ ಬೇಕು. ಆದರೆ ಒಂದೊಂದು ಗಲಾಟೆಗೂ ಒಂದೊಂದು ಮಾತ್ರೆ ಸೇರುತ್ತಾ ಹೋಗಿ ಕೊನೆಗೆ ಐದಾರು ನುಂಗುವವರನ್ನು ನೋಡುತ್ತೇವೆ. ಯಾವುದು ಯಾಕೆ ಅಂತ ಅವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಹಾಗೆ ಆಗಲು ಬಿಡಬೇಡಿ.

ಹುಬ್ಬಳ್ಳಿ_ಕಾಕಾ:
ಮಾತ್ರೆ ಇಲ್ಲ ಅಂದರೆ ಗುಣ ಹೇಗೆ? ಬರೀ ಮಾತಿನಿಂದ ಕಾಯಿಲೆ ಹೋಗುತ್ತದಾ?

ಎಡಿಸನ್_ಕನ್ನಡಿಗ:
ಹೋಗುತ್ತದೆ ಕಾಕಾ. ನನ್ನ ಹೆಂಡತಿ ಇಲ್ಲಿ ಅಮೆರಿಕದಲ್ಲಿ ಡಿಬಿಟಿ ಮಾಡಿಸಿಕೊಂಡಿದ್ದಾಳೆ, ಆದ್ದರಿಂದ ಹೇಳುತ್ತಿದ್ದೇನೆ. ಪೂರ್ತಿ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಶಾ ಲಿನೆಹನ್ ಇದನ್ನು ಕಟ್ಟಿದರು. ಮೊದಲ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು. 2011ರಲ್ಲಿ ಅವರು ಎಲ್ಲರೆದುರು ತಮ್ಮದೇ ಕಥೆ ಹೇಳಿದರು. 17ನೇ ವಯಸ್ಸಿನಲ್ಲಿ, 1961ರಲ್ಲಿ, ಅವರನ್ನೇ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಇದ್ದರು. ಹೇಳಿದ ಜಾಗವೂ ಅದೇ ಆಸ್ಪತ್ರೆ. ಅವರು ಬಿಪಿಡಿ ಇರುವವರನ್ನು ಮೈ ಪೂರ್ತಿ ಸುಟ್ಟವರಿಗೆ ಹೋಲಿಸುತ್ತಾರೆ. ಚರ್ಮವೇ ಇಲ್ಲದ ಮೇಲೆ ಸುಮ್ನೆ ಮುಟ್ಟಿದರೂ ಪ್ರಾಣ ಹೋಗುತ್ತದೆ. ಇದನ್ನು ಓದಿದ ದಿನ ನನ್ನ ಹೆಂಡತಿ ನನಗೆ ಅರ್ಥವಾದಳು.

ಡಿಬಿಟಿಯಲ್ಲಿ ವಾರಕ್ಕೊಮ್ಮೆ ಒಬ್ಬರೇ ಥೆರಪಿಸ್ಟ್ ಜೊತೆ ಮಾತು. ವಾರಕ್ಕೊಮ್ಮೆ ಗುಂಪಿನಲ್ಲಿ ತರಗತಿ, ಅದಕ್ಕೆ ಹೋಮ್‌ವರ್ಕ್ ಬೇರೆ. ಮಧ್ಯದಲ್ಲಿ ತಡೆಯಲಾಗದಿದ್ದರೆ ಥೆರಪಿಸ್ಟ್‌ಗೆ ಫೋನ್ ಮಾಡಬಹುದು. ಸಾಮಾನ್ಯವಾಗಿ ಒಂದು ವರ್ಷ. ಈ ಕ್ಷಣದಲ್ಲಿ ನಿಲ್ಲುವುದು, ಸಂಕಟವನ್ನು ಕೆಡಿಸಿಕೊಳ್ಳದೆ ದಾಟುವುದು, ಭಾವನೆಯನ್ನು ಹದಕ್ಕೆ ತರುವುದು, ಜಗಳ ಮಾಡದೆ ಬೇಕಾದ್ದನ್ನು ಕೇಳುವುದು. ಕಲಿಸುವುದು ಈ ನಾಲ್ಕನ್ನು.

ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಯಲ್ಲಿ ದಾಖಲಾದ 290 ಬಿಪಿಡಿ ರೋಗಿಗಳನ್ನು 1990ರ ದಶಕದಿಂದ ಎರಡೆರಡು ವರ್ಷಕ್ಕೊಮ್ಮೆ ಮಾತಾಡಿಸುತ್ತಾ ಬಂದಿದ್ದಾರೆ. ಹತ್ತು ವರ್ಷದಲ್ಲಿ 93% ಜನ ಕನಿಷ್ಠ ಎರಡು ವರ್ಷ ಈ ಕಾಯಿಲೆಯ ಅಳತೆಯಿಂದ ಹೊರಗೆ ಬಂದಿದ್ದರು. ಇದನ್ನು ಅಪ್ಪನಿಗೆ ಓದಿ ಹೇಳಿ ಅಕ್ಕ.

ಪಿಜಿ_ಸೈಕಿಯಾಟ್ರಿ:
ಸರಿ, ಆದರೆ ಅರ್ಧ ಚಿತ್ರ ಕೊಟ್ಟಿರಿ. ಅದೇ ಅಧ್ಯಯನದಲ್ಲಿ ಲಕ್ಷಣಗಳು ಹೋಗಿ, ಜೊತೆಗೆ ಕೆಲಸ ಮತ್ತು ಸಂಬಂಧಗಳೂ ನೆಲೆಗೆ ಬಂದವರು ಸುಮಾರು 50% ಮಾತ್ರ. ಗಾಯ ಮಾಡಿಕೊಳ್ಳುವುದು ಬೇಗ ನಿಲ್ಲುತ್ತದೆ. ಒಳಗಿನ ಖಾಲಿತನ, ಒಂಟಿ ಆಗುವ ಭಯ ನಿಧಾನ. ಬದುಕು ಕಟ್ಟಿಕೊಳ್ಳುವುದು ಇನ್ನೂ ನಿಧಾನ. ಮನೆಯವರಿಗೆ ಇದೂ ಗೊತ್ತಿರಬೇಕು. ಇಲ್ಲದಿದ್ದರೆ ಆರು ತಿಂಗಳಿಗೇ "ಇನ್ನೂ ಯಾಕೆ ಕೆಲಸಕ್ಕೆ ಹೋಗ್ತಿಲ್ಲ" ಶುರುವಾಗುತ್ತದೆ.

ಎಡಿಸನ್_ಕನ್ನಡಿಗ:
ಒಪ್ಪಿದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಕೋಲಾರ_ಗಿರಿ:
ಅಮೆರಿಕದ ಕಥೆ ಕೇಳಿ ನಮಗೇನು ಪ್ರಯೋಜನ? ನಮ್ಮ ಜಿಲ್ಲೆಯಲ್ಲಿ ಡಿಬಿಟಿ ಮಾಡುವವರು ಯಾರಿದ್ದಾರೆ? ಬೆಂಗಳೂರಿನ ಪ್ರೈವೇಟ್ ಕ್ಲಿನಿಕ್‌ನಲ್ಲಿ ಒಂದು ಸೆಷನ್‌ಗೆ ಕೇಳುವ ದುಡ್ಡಿನಲ್ಲಿ ನಮ್ಮ ಮನೆಯ ವಾರದ ದಿನಸಿ ಬರುತ್ತದೆ. ಅದೂ ವರ್ಷಪೂರ್ತಿ, ವಾರಕ್ಕೆ ಎರಡು ಸಲ!

ಮಂಗಳೂರು_ಸೈಕಾಲಜಿ:
ಗಿರಿ ಅವರ ಸಿಟ್ಟು ನ್ಯಾಯವಾದದ್ದು. ಪೂರ್ತಿ ಡಿಬಿಟಿ ನಮ್ಮಲ್ಲಿ ಬಹಳ ಕಡಿಮೆ ಕಡೆ ಸಿಗುತ್ತದೆ. ಆದರೆ ಅದೊಂದೇ ದಾರಿ ಅಲ್ಲ. ಕೆನಡಾದಲ್ಲಿ 180 ಜನರ ಮೇಲೆ ಒಂದು ವರ್ಷ ಡಿಬಿಟಿಯನ್ನೂ, ಚೆನ್ನಾಗಿ ಮಾಡಿದ ಸಾಮಾನ್ಯ ಮನೋವೈದ್ಯಕೀಯ ಚಿಕಿತ್ಸೆಯನ್ನೂ ಹೋಲಿಸಿದರು. 2009ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿತ್ತು. ಅಂದರೆ ಕಾಯಿಲೆ ಏನೆಂದು ಬಿಡಿಸಿ ಹೇಳುವ, ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳುವ, ಪದೇಪದೇ ಬದಲಾಗದ ಒಬ್ಬ ಡಾಕ್ಟರು ಸಿಕ್ಕರೂ ತುಂಬ ಆಗುತ್ತದೆ.

ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ, ಖರ್ಚು ಕಡಿಮೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ ಕೂರುತ್ತದೆ ಅಂತ ಕೇಳಿ. ಪ್ರೈವೇಟ್‌ಗೆ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವವರ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ತಪ್ಪೇನೂ ಇಲ್ಲ. ಮೂರು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರು ಇದ್ದಾರೆ.

ಶಿರಸಿ_ಮಳೆ:
ಈಗ ಬಂದೆ. ಎಲ್ಲ ಓದಿದೆ. ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ, ಅಕ್ಕನ ಮನೆಯವರಿಗೆ ಉಪಯೋಗ ಆಗಬಹುದು.

ಮೆಸೇಜ್‌ಗೆ ಉತ್ತರ ಬರದಿದ್ದರೆ ನನಗೆ "ಅವರು ಬ್ಯುಸಿ ಇರಬಹುದು" ಅಂತ ಹೊಳೆಯುತ್ತಲೇ ಇರಲಿಲ್ಲ. ನನ್ನನ್ನು ಬಿಟ್ಟರು ಅನ್ನುವುದು ಆ ಕ್ಷಣಕ್ಕೆ ಕಣ್ಣೆದುರಿನ ಗೋಡೆಯಷ್ಟೇ ನಿಜ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಆಗ ಬೈದು ಮೆಸೇಜ್ ಹಾಕುತ್ತೇನೆ. ಅವರು ನಿಜವಾಗಿಯೂ ದೂರ ಹೋಗುತ್ತಾರೆ. ನೋಡಿದೆಯಾ, ನಾನು ಅಂದುಕೊಂಡಿದ್ದು ಸರಿ ಅಂತ ಮನಸ್ಸು ಹೇಳುತ್ತದೆ. ಈ ಸುತ್ತು ಕಾಲೇಜಿನಿಂದ ನಡೆಯುತ್ತಲೇ ಇತ್ತು.

ನನ್ನನ್ನು ಹೆಚ್ಚು ಕುಗ್ಗಿಸಿದ್ದು ಒಂದು ಆಸ್ಪತ್ರೆಯ ತುರ್ತು ವಿಭಾಗ. ಗಾಯಕ್ಕೆ ಹೊಲಿಗೆ ಹಾಕುತ್ತಾ "ನಿಜವಾದ ರೋಗಿಗಳು ಹೊರಗೆ ಕಾಯ್ತಿದ್ದಾರೆ" ಅಂದರು. ಅಲ್ಲಿಂದ ಮುಂದೆ ಎಷ್ಟೋ ಕಾಲ ನಾನು ಯಾವ ಆಸ್ಪತ್ರೆಗೂ ಹೋಗಲಿಲ್ಲ.

ಬದಲಾವಣೆ ತಂದದ್ದು ಒಬ್ಬ ಥೆರಪಿಸ್ಟ್. ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರು ಮೊದಲು ಕಲಿಸಿದ್ದು ತೀರಾ ಸಣ್ಣ ವಿಷಯ. ತಲೆ ಸಿಡಿಯುವಂತಾದಾಗ ಬಕೆಟ್ಟಿನ ತಣ್ಣೀರಿಗೆ ಉಸಿರು ಹಿಡಿದು ಅರ್ಧ ನಿಮಿಷದೊಳಗೆ ಮುಖ ಮುಳುಗಿಸಿ ಎತ್ತುವುದು. ಎದೆಬಡಿತ ಇಳಿಯುತ್ತದೆ. (ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ.) ಆಮೇಲೆ ಒಂದು ಪುಸ್ತಕದಲ್ಲಿ ಬರೆಯುವುದು: ಏನಾಯಿತು, ನಾನು ಏನು ಅಂದುಕೊಂಡೆ, ಬೇರೆ ಏನಿರಬಹುದು. ಮೊದಮೊದಲು ಸಿಟ್ಟು ಬಂದು ಪುಸ್ತಕ ಎಸೆದಿದ್ದೆ. ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಭಯ ಈಗಲೂ ಬರುತ್ತದೆ, ಆದರೆ ಬಂದ ಕೂಡಲೇ ಫೋನ್ ಎತ್ತುವುದಿಲ್ಲ.

ಶಾರದಾ_ಟೀಚರ್:
ಮಗೂ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಚೆನ್ನಾಗಿರು.

ರಾಯಚೂರು_ಬಿಸಿಲು:
ಮದುವೆ ವಿಷಯ ಯಾರೂ ಎತ್ತಲಿಲ್ಲವಲ್ಲ. ಹೆಂಡತಿ ಬಂದರೆ ಜವಾಬ್ದಾರಿ ಬರುತ್ತದೆ, ಮನಸ್ಸು ನಿಲ್ಲುತ್ತದೆ. ನಮ್ಮ ಚಿಕ್ಕಪ್ಪನ ಮಗನಿಗೆ ಹಾಗೇ ಆಯಿತು.

ಶಾರದಾ_ಟೀಚರ್:
ಬೇಡಪ್ಪಾ, ಈ ಮಾತು ಬೇಡ. ಅವನಿಗೆ ಅತಿ ಹೆಚ್ಚು ನೋವು ಕೊಡುವುದೇ ಹತ್ತಿರದ ಸಂಬಂಧ. ಅಲ್ಲಿಗೆ ಏನೂ ಗೊತ್ತಿಲ್ಲದ ಒಂದು ಹುಡುಗಿಯನ್ನು ತಂದು ನಿಲ್ಲಿಸುವುದಾ? ಅವಳು ಅವನ ಔಷಧಿಯಲ್ಲ. ಹೀಗೇ ಹುಡುಗನ ಕಾಯಿಲೆ ಮುಚ್ಚಿಟ್ಟ ಮನೆಗೆ ನನ್ನ ಅಕ್ಕನ ಮಗಳನ್ನು ಕೊಟ್ಟರು. ಇಬ್ಬರ ಬದುಕೂ ನೆಲಕಚ್ಚಿತು. ಗುಣವಾದ ಮೇಲೆ, ಹೇಳಿ, ಇಬ್ಬರೂ ಒಪ್ಪಿ ಆಗಲಿ.

ರಾಯಚೂರು_ಬಿಸಿಲು:
ಹೇಳಿ ಮಾಡಿದರೆ ಯಾರು ಹೆಣ್ಣು ಕೊಡುತ್ತಾರೆ ಮೇಡಂ?

ಶಾರದಾ_ಟೀಚರ್:
ಕೊಡದಿದ್ದರೆ ಬೇಡ. ಮುಚ್ಚಿಟ್ಟು ತರುವುದಕ್ಕಿಂತ ಅದು ಮೇಲು.

ತುಮಕೂರು_ಅಕ್ಕ:
ಟೀಚರ್, ಅಮ್ಮನಿಗೆ ಇದನ್ನು ಹೇಗಾದರೂ ತಿಳಿಸುತ್ತೇನೆ. ಈಗ ಒಂದು ದಿನನಿತ್ಯದ ಪ್ರಶ್ನೆ. ಅವನು ಅಳುತ್ತಾ ಕೂತಾಗ ನಾವು ಏನು ಮಾತಾಡಬೇಕು? ಏನು ಅಂದರೂ ಜಾಸ್ತಿಯಾಗುತ್ತದೆ.

ಮಂಗಳೂರು_ಸೈಕಾಲಜಿ:
ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಹೇಳುತ್ತೇವೆ: "ಅಷ್ಟಕ್ಕೆಲ್ಲ ಯಾಕೋ ಅಳ್ತೀಯ", "ನಿಂಗೇನು ಕಡಿಮೆಯಾಗಿದೆ", "ಗಂಡಸು ಅಳಬಾರದು". ಅವನ ಕಿವಿಗೆ ಬೀಳುವುದು "ನಿನ್ನ ನೋವು ಸುಳ್ಳು" ಅಂತ. ಆಗ ನೋವು ನಿಜ ಅಂತ ತೋರಿಸಲು ಇನ್ನೂ ಜೋರು ಮಾಡುತ್ತಾನೆ. ಲಿನೆಹನ್ ಈ ಕಾಯಿಲೆ ಬೆಳೆಯುವುದನ್ನೇ ಹೀಗೆ ವಿವರಿಸುತ್ತಾರೆ. ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವ ಒಂದು ಕಡೆ, ಆ ಭಾವನೆಯನ್ನು ಒಪ್ಪದ ಸುತ್ತಲಿನ ಜನ ಇನ್ನೊಂದು ಕಡೆ. ವಂಶದ ಪಾಲು ಹತ್ತಿರಹತ್ತಿರ ಅರ್ಧ ಇದೆ ಅನ್ನುತ್ತವೆ ಅಧ್ಯಯನಗಳು. ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ ಅನುಭವಿಸಿದವರು ಇವರಲ್ಲಿ ಜಾಸ್ತಿ, ಆದರೆ ಎಲ್ಲರೂ ಅಲ್ಲ. ಆದ್ದರಿಂದ ಅಪ್ಪ ಅಮ್ಮ ತಪ್ಪಿತಸ್ಥರು ಅಂತ ಓದಿಕೊಳ್ಳಬೇಡಿ.

ಏನು ಹೇಳಬಹುದು? "ಅವನು ಉತ್ತರ ಕೊಡದಿದ್ದಕ್ಕೆ ತುಂಬ ಬೇಜಾರಾಗಿದೆ ಅಲ್ವಾ. ನಾನು ಇಲ್ಲೇ ಕೂತಿರ್ತೀನಿ." ಅಷ್ಟೇ. ಸಲಹೆ ಬೇಡ, ಗೆಳೆಯನ ಪರ ವಕೀಲಿಕೆ ಬೇಡ. ಅವನು ತಣ್ಣಗಾದ ಮೇಲೆ, ಬೇಕಾದರೆ ಮಾರನೇ ದಿನ, ಮಿಕ್ಕ ಮಾತು.

ಹುಬ್ಬಳ್ಳಿ_ಕಾಕಾ:
ಅಂದರೆ ಎಸೆದರೂ ಬೈದರೂ ಹೂಂ ಅಂತಿರಬೇಕಾ? ತಂದೆಗೆ ಮರ್ಯಾದೆ ಬೇಡವಾ?

ಮಂಗಳೂರು_ಸೈಕಾಲಜಿ:
ಒಳ್ಳೆಯ ಪ್ರಶ್ನೆ ಕಾಕಾ. ಹೂಂ ಅನ್ನುವುದು ಭಾವನೆಗೆ, ಮಾಡಿದ ಕೆಲಸಕ್ಕಲ್ಲ. "ಸಿಟ್ಟು ಬಂತು, ಅರ್ಥ ಆಗುತ್ತೆ. ತಟ್ಟೆ ಎಸೆದರೆ ನಾನು ಎದ್ದು ಹೊರಗೆ ಹೋಗ್ತೀನಿ, ಅರ್ಧ ಗಂಟೆ ಬಿಟ್ಟು ಬರ್ತೀನಿ" ಅಂತ ಶಾಂತವಾಗಿದ್ದಾಗ ಮೊದಲೇ ಹೇಳಿಡಬೇಕು. ಹೇಳಿದ ಮೇಲೆ ಹಾಗೇ ಮಾಡಬೇಕು. ವಾಪಸ್ ಬರುತ್ತೇನೆ ಅಂದಮೇಲೆ ಬರಲೇಬೇಕು, ಅದು ಇನ್ನೂ ಮುಖ್ಯ. ಒಂದು ದಿನ ಸುಮ್ಮನೆ ಬಿಟ್ಟು, ಇನ್ನೊಂದು ದಿನ ಅದಕ್ಕೇ ಹೊಡೆದರೆ ಏನೂ ಕಲಿಯುವುದಿಲ್ಲ.

ಹುಬ್ಬಳ್ಳಿ_ಕಾಕಾ:
ಇದು ಒಪ್ಪುವ ಮಾತು. ಆದರೂ ಹೊಲದ ಕೆಲಸ ಕೆಟ್ಟದ್ದಲ್ಲ, ಮೈ ದಣಿದರೆ ನಿದ್ದೆಯಾದರೂ ಬರುತ್ತದೆ.

ಶಿರಸಿ_ಮಳೆ:
ಅದು ನಿಜ ಕಾಕಾ. ನಿದ್ದೆ ಕೆಟ್ಟ ಮಾರನೇ ದಿನವೇ ನನಗೆ ಎಲ್ಲ ಎಡವಟ್ಟು.

ರೀಲ್ಸ್_ನೋಡುವವ:
ನಾನು ಬಿಪಿಡಿ ಬಗ್ಗೆ ತುಂಬ ರೀಲ್ಸ್ ನೋಡಿದ್ದೇನೆ, ಎಲ್ಲ ಲಕ್ಷಣ ನನಗೂ ಇದೆ. ಅಂಥವರ ಜೊತೆ ಸಂಬಂಧ ಬೇಡ, ಮೋಸ ಮಾಡುತ್ತಾರೆ ಅಂತಲೂ ಇತ್ತು.

ಪಿಜಿ_ಸೈಕಿಯಾಟ್ರಿ:
ಲಕ್ಷಣ ಇದೆ ಅನ್ನಿಸಿದರೆ ಒಬ್ಬ ಡಾಕ್ಟರನ್ನು ನೋಡಿ, ಫೋನಿನಲ್ಲಿ ನಿರ್ಧಾರ ಬೇಡ. ಎರಡನೆಯ ಮಾತು ಕ್ರೂರ. ಇಲ್ಲೇ ಮೇಲೆ ಒಬ್ಬರು ತಮ್ಮ ಕಥೆ ಬರೆದಿದ್ದಾರೆ, ಅವರೂ ಇದನ್ನು ಓದುತ್ತಾರೆ.

ಕೋಲಾರ_ಗಿರಿ:
ಇನ್ಶೂರೆನ್ಸ್‌ನಲ್ಲಿ ಇದಕ್ಕೆ ದುಡ್ಡು ಬರುತ್ತಾ? ಯಾರಿಗಾದರೂ ಗೊತ್ತಾ?

ಪಾಲಿಸಿ_ಏಜೆಂಟ್_ದಾವಣಗೆರೆ:
2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತವೆ. ವಾರವಾರದ ಥೆರಪಿ ಓಪಿಡಿ ಲೆಕ್ಕಕ್ಕೆ ಬರುತ್ತದೆ. ಓಪಿಡಿ ಸೇರಿಸಿದ ಪಾಲಿಸಿ ಇದೆಯಾ ನೋಡಿ.

ಕೋಲಾರ_ಗಿರಿ:
ಅಂದರೆ ಬೇಕಾದ್ದಕ್ಕೇ ಇಲ್ಲ. ಇದನ್ನು ಸರ್ಕಾರಕ್ಕೆ ಕೇಳಬೇಕು.

ರಾಯಚೂರು_ಬಿಸಿಲು:
ಇನ್ನೊಂದು ಕೇಳುತ್ತೇನೆ. "ಸಾಯ್ತೀನಿ" ಅಂತ ಹೆದರಿಸುವುದು ನಾಟಕ ಅಲ್ವಾ? ಸುಮ್ನಿದ್ದರೆ ತಾನೇ ನಿಲ್ಲಿಸುತ್ತಾರೆ ಅಂತ ಹೇಳುತ್ತಾರೆ.

ಪಿಜಿ_ಸೈಕಿಯಾಟ್ರಿ:
ಅಲ್ಲ. ಇದನ್ನು ಜೋರಾಗಿ ಹೇಳಬೇಕು. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹತ್ತು ಸಲ ಹೇಳಿದವರು ಹನ್ನೊಂದನೇ ಸಲ ಮಾಡಿಕೊಳ್ಳುವುದಿಲ್ಲ ಅನ್ನಲು ಯಾರಿಗೂ ಸಾಧ್ಯವಿಲ್ಲ. ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆ ಬೀಗದೊಳಗೆ ಇಡಿ. ಲಿಥಿಯಂ ಅಂತೂ ಜಾಸ್ತಿಯಾದರೆ ವಿಷ. ಅಕ್ಕ, ಆ ಡಬ್ಬಿ ನಿಮ್ಮ ಹತ್ತಿರವೇ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಪ್ರಾಣಕ್ಕೇ ಅಪಾಯ ಅನ್ನಿಸಿದರೆ ಕಾಯದೆ ಹತ್ತಿರದ ಆಸ್ಪತ್ರೆ.

ರಾಯಚೂರು_ಬಿಸಿಲು:
ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ನಮ್ಮ ಕಡೆ ಹೆದರುತ್ತಾರೆ.

ಪಿಜಿ_ಸೈಕಿಯಾಟ್ರಿ:
ಆ 2017ರ ಕಾಯ್ದೆಯ 115ನೇ ಕಲಂ ಓದಿ. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಆಸ್ಪತ್ರೆಯವರು ಮಾಹಿತಿ ಕಳಿಸಬಹುದು, ಅದಕ್ಕೆ ಹೆದರಿ ಪ್ರಾಣ ಕಳೆದುಕೊಳ್ಳಬೇಡಿ.

ತುಮಕೂರು_ಅಕ್ಕ:
ಡಬ್ಬಿ ಈಗಲೇ ಎತ್ತಿಟ್ಟೆ. ಥೆರಪಿಗೆ ಅಪಾಯಿಂಟ್‌ಮೆಂಟ್ ಕೇಳಿದ್ದೇನೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ, ಬರುತ್ತಾರೋ ಇಲ್ಲವೋ ನೋಡಬೇಕು.

ಎಡಿಸನ್_ಕನ್ನಡಿಗ:
ಬರದಿದ್ದರೆ ಮೊದಲು ನೀವೊಬ್ಬರೇ ಹೋಗಿ. ಹಳೆಯ ಚೀಟಿಗಳು, ರಕ್ತಪರೀಕ್ಷೆ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಮೈಸೂರು_ಅಮ್ಮ:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗಳಿಗೆ 16. ಇಲ್ಲಿ ಬರೆದದ್ದು ಓದಿದರೆ ಅವಳೇ ಅನ್ನಿಸುತ್ತದೆ, ಕೈ ಮೇಲೆ ಕೊಯ್ದುಕೊಂಡ ಗೆರೆಗಳೂ ಇವೆ. 18 ಆಗುವವರೆಗೆ ಈ ಕಾಯಿಲೆ ಹೇಳುವಂತಿಲ್ಲ ಅಂತ ಒಬ್ಬರು ವಾಪಸ್ ಕಳಿಸಿದರು. ಕಾಯಬೇಕಾ?

ಮಂಗಳೂರು_ಸೈಕಾಲಜಿ:
ಕಾಯಬೇಡಿ ಅಮ್ಮ. 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ) ಆ ವಯಸ್ಸಿನ ಮಿತಿ ಇಲ್ಲ. ಅಮೆರಿಕದ ಪಟ್ಟಿಯಲ್ಲೂ ಲಕ್ಷಣಗಳು ಒಂದು ವರ್ಷ ಇದ್ದರೆ 18ಕ್ಕೆ ಮೊದಲೂ ಹೇಳಬಹುದು. ಮೆಲ್ಬರ್ನ್‌ನಲ್ಲಿ 15ರಿಂದ 25 ವಯಸ್ಸಿನವರಿಗೇ ಅಂತ ಹೈಪ್ ಅನ್ನುವ ಕ್ಲಿನಿಕ್ ಇದೆ. ನಾರ್ವೆಯಲ್ಲಿ 77 ಮಕ್ಕಳಿಗೆ 19 ವಾರದ ಡಿಬಿಟಿ ಅಥವಾ ಮಾಮೂಲಿ ಚಿಕಿತ್ಸೆ ಕೊಟ್ಟು ನೋಡಿದರು. ಗಾಯ ಮಾಡಿಕೊಳ್ಳುವುದು ಡಿಬಿಟಿ ಪಡೆದವರಲ್ಲೇ ಜಾಸ್ತಿ ಇಳಿಯಿತು. ಅದರಲ್ಲಿ ಅಪ್ಪ ಅಮ್ಮಂದಿರೂ ತರಗತಿಗೆ ಕೂರುತ್ತಾರೆ.

ಕಾಯಿಲೆಯ ಹೆಸರು ಆಮೇಲೆ ಸಿಗಲಿ, ಗೆರೆಗಳಿಗೆ ಈ ವಾರವೇ ಸಹಾಯ ಬೇಕು. ಮಕ್ಕಳ ಮನೋವೈದ್ಯರ ಓಪಿಡಿ ಇರುವ ಕಡೆ ತೋರಿಸಿ. ಅಲ್ಲಿಯವರೆಗೆ ಅವಳ ಕೈ ಹಿಡಿದು ತೋರಿಸು ಅಂತ ಬೈಯಬೇಡಿ, ಫೋನ್ ಕಿತ್ತುಕೊಂಡು ಶಿಕ್ಷೆ ಕೊಡಬೇಡಿ. "ನೋಡಿದೆ, ನಂಗೆ ಭಯ ಆಯ್ತು, ನಿನ್ನ ಮೇಲೆ ಸಿಟ್ಟಿಲ್ಲ" ಅಂತ ಹೇಳಿ. ಶಾಲೆಯಲ್ಲೋ ಎಲ್ಲೋ ಯಾರಾದರೂ ತೊಂದರೆ ಕೊಡುತ್ತಿದ್ದಾರಾ ಅಂತ ಅವಳೊಬ್ಬಳೇ ಇದ್ದಾಗ ಕೇಳಿ.

ಮೈಸೂರು_ಅಮ್ಮ:
ಇವತ್ತು ರಾತ್ರಿಯೇ ಮಾತಾಡುತ್ತೇನೆ. ಓಪಿಡಿಗೆ ಅವಳ ಅಪ್ಪನೂ ಬರಬೇಕಾ?

ಮಂಗಳೂರು_ಸೈಕಾಲಜಿ:
ಬಂದರೆ ಒಳ್ಳೆಯದು. ಆದರೆ ಒಳಗೆ ಮೊದಲು ಮಗಳೊಬ್ಬಳೇ ಡಾಕ್ಟರ ಜೊತೆ ಮಾತಾಡಲಿ, ನೀವಿಬ್ಬರೂ ಆಮೇಲೆ.